ಐವತ್ತರ ನಂತರದ ಐವತ್ತು ಮೀಟರ್

ನಮ್ಮ ಕಡೆಯ ಯಾರಾದರೂ ಮಾಸ್ಟರ್ಸ್ ಈಜು ಕೂಟಕ್ಕೆಂದು ವಿದೇಶಕ್ಕೆ ಹೊರಟರೆ ಬಿ.ಸಿ. ರೋಡಿನಲ್ಲೋ ಬೆಳ್ತಂಗಡಿಯ ಮೂರು ಮಾರ್ಗದಲ್ಲೋ ಮೂಡುಬಿದಿರೆಯ ಬಸ್ ನಿಲ್ದಾಣದ ಎದುರಿಗೋ ಒಂದು ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ‘ಭಾರತವನ್ನು ಪ್ರತಿನಿಧಿಸಲಿರುವ’ ಎಂಬ ಸಾಲು ಇದ್ದೇ ಇರುತ್ತದೆ. ಹಾಕಿಸಿದವರ ಪ್ರೀತಿ ದೊಡ್ಡದು, ಅದರ ಬಗ್ಗೆ ತಕರಾರಿಲ್ಲ. ಆದರೆ ವಿಶ್ವ ಮಾಸ್ಟರ್ಸ್ ಈಜಿನ ನಿಯಮ ಓದಿದರೆ ಆ ಸಾಲು ನಿಲ್ಲುವುದಿಲ್ಲ. ಅಲ್ಲಿ ಯಾರೂ ದೇಶವನ್ನು ಪ್ರತಿನಿಧಿಸುವಂತಿಲ್ಲ. ಪ್ರವೇಶ ಕ್ಲಬ್ಬಿನ ಹೆಸರಿನಲ್ಲಿ ಮಾತ್ರ. ಒಲಿಂಪಿಕ್ಸಿಗೆ ಹೋಗಿ ಬಂದ ಅಮೆರಿಕದವನೂ ಅಲ್ಲಿ ತನ್ನ ಊರಿನ ಕ್ಲಬ್ಬಿನ ಸದಸ್ಯ, ಕಲ್ಲಡ್ಕದಿಂದ ಹೋದ ನಿವೃತ್ತ ಮೇಷ್ಟ್ರೂ ತನ್ನ ಕ್ಲಬ್ಬಿನ ಸದಸ್ಯ. ಆಯ್ಕೆ ಸಮಿತಿ, ರಾಷ್ಟ್ರೀಯ ತಂಡ ಎಂಬುದೇನೂ ಇಲ್ಲ. ವಯಸ್ಸು, ಕ್ಲಬ್ಬಿನ ನೋಂದಣಿ, ತನ್ನ ವಯೋವರ್ಗಕ್ಕೆ ನಿಗದಿಪಡಿಸಿದ ಅರ್ಹತಾ ಸಮಯ, ಕಿಸೆಯಲ್ಲಿ ವಿಮಾನದ ಖರ್ಚು ಇಷ್ಟಿದ್ದರೆ ಹೋಗಬಹುದು.

ಹಾಗಾದರೆ ಇದರಲ್ಲಿ ಹೆಚ್ಚೇನಿದೆ ಎಂದು ಕೇಳುವವರಿದ್ದಾರೆ. ಹೆಚ್ಚಿರುವುದು ತಯಾರಿಯಲ್ಲಿ. ಹಾರ, ಶಾಲಿನ ಫೋಟೋದಲ್ಲಿ ಕಾಣದ ಆ ಭಾಗದ ಬಗ್ಗೆ ನಮ್ಮ ಮೂರು ತಾಲೂಕುಗಳ ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕೆನಿಸಿತು. ನೇತ್ರಾವತಿ, ಫಲ್ಗುಣಿ, ಸೋಮಾವತಿ, ಮೃತ್ಯುಂಜಯ ಹರಿಯುವ ಈ ನಾಡಿನಲ್ಲಿ ‘ನನಗೆ ಈಜು ಬರುತ್ತದೆ’ ಎನ್ನುವವರಿಗೆ ಬರವಿಲ್ಲ. ಕಷ್ಟ ಶುರುವಾಗುವುದೂ ಆ ಮಾತಿನಿಂದಲೇ.

ಮೊದಲು ಮಾಸ್ಟರ್ಸ್ ಎಂದರೇನು ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. ಅಮೆರಿಕದ ನೌಕಾಪಡೆಯ ವೈದ್ಯ ರಾನ್ಸಮ್ ಆರ್ಥರ್ ಎಂಬವರಿಗೆ, ವಯಸ್ಕರಿಗೂ ಈಜಿನ ಸ್ಪರ್ಧೆ ಇದ್ದರೆ ಅವರು ವ್ಯಾಯಾಮ ಬಿಡಲಾರರು ಎಂದು ಹೊಳೆಯಿತು. 1970ರಲ್ಲಿ ಟೆಕ್ಸಸ್‌ನ ಅಮರಿಲ್ಲೋದಲ್ಲಿ ಅಂಥ ಮೊದಲ ಕೂಟ ನಡೆಯಿತು. 1986ರಲ್ಲಿ ಟೋಕಿಯೋದಲ್ಲಿ ಮೊದಲ ವಿಶ್ವ ಮಾಸ್ಟರ್ಸ್. ಅಲ್ಲಿಂದ ಬೆಳೆಯುತ್ತ ಬಂದು, 2023ರಲ್ಲಿ ಜಪಾನಿನ ಕ್ಯೂಶು ದ್ವೀಪದಲ್ಲಿ, 2024ರಲ್ಲಿ ದೋಹಾದಲ್ಲಿ, 2025ರಲ್ಲಿ ಸಿಂಗಪುರದಲ್ಲಿ ನಡೆದಿದೆ. 25 ವರ್ಷ ತುಂಬಿದವರೆಲ್ಲ ಅರ್ಹರು. 25ರಿಂದ 29, 30ರಿಂದ 34 ಹೀಗೆ ಐದೈದು ವರ್ಷಕ್ಕೊಂದು ವರ್ಗ. ಮೇಲಕ್ಕೆ ನೂರು ದಾಟಿದವರಿಗೂ ಇದೆ. ಜಪಾನಿನ ಮಿಯೆಕೊ ನಾಗಾವೊಕಾ ಮೊಣಕಾಲಿನ ನೋವಿಗೆಂದು 80ರ ಆಸುಪಾಸಿನಲ್ಲಿ ನೀರಿಗಿಳಿದವರು. 2015ರಲ್ಲಿ, ನೂರು ತುಂಬಿದ ಮೇಲೆ, 1500 ಮೀಟರನ್ನು ಸುಮಾರು ಒಂದೂಕಾಲು ಗಂಟೆಯಲ್ಲಿ ಈಜಿ ಮುಗಿಸಿದರು. ಆ ವಯೋವರ್ಗದಲ್ಲಿ ಹಾಗೆ ಮಾಡಿದ ಮೊದಲಿಗರು.

ವಯಸ್ಸಿನ ಲೆಕ್ಕ ಆ ವರ್ಷದ ಡಿಸೆಂಬರ್ 31ಕ್ಕೆ. ಡಿಸೆಂಬರಿನಲ್ಲಿ 60 ತುಂಬುವವರು ಜುಲೈ ತಿಂಗಳ ಕೂಟದಲ್ಲೇ 60ರ ವರ್ಗಕ್ಕೆ ಸೇರುತ್ತಾರೆ. ಐದು ವರ್ಷದ ವರ್ಗದಲ್ಲಿ ಎಲ್ಲರಿಗಿಂತ ಕಿರಿಯರಾಗಿರುವುದು ಲಾಭ. ಆದ್ದರಿಂದ ಹುಟ್ಟುಹಬ್ಬಕ್ಕೆ ವಯಸ್ಸಾಯಿತೆಂದು ಕೊರಗದೆ ಖುಷಿಪಡುವ ಜನ ಇದ್ದರೆ ಅದು ಮಾಸ್ಟರ್ಸ್ ಈಜುಗಾರರು. ನಮ್ಮಲ್ಲಿ ಇದಕ್ಕೊಂದು ತೊಡಕಿದೆ. ಒಂದು ತಲೆಮಾರಿನ ಅರ್ಧದಷ್ಟು ಮಂದಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದ ಜೂನ್ 1ರಂದು ಹುಟ್ಟಿದವರು! ಮನೆಯಲ್ಲಿ ಅಜ್ಜಿ ಹೇಳುವ ವರ್ಷ ಬೇರೆ, ಪಾಸ್‌ಪೋರ್ಟಿನಲ್ಲಿರುವ ವರ್ಷ ಬೇರೆ. ಕೂಟದಲ್ಲಿ ನಡೆಯುವುದು ಪಾಸ್‌ಪೋರ್ಟಿನದ್ದೇ.

ಈಗ ಮುಖ್ಯ ವಿಷಯ. ನಮ್ಮ ಕಡೆಯ ಐವತ್ತು ದಾಟಿದವರು ಈಜು ಕಲಿತದ್ದು ಎಲ್ಲಿ? ತೋಟದ ಕೆರೆಯಲ್ಲಿ, ಬಾವಿಯಲ್ಲಿ, ಮಳೆಗಾಲ ಕಳೆದ ಮೇಲೆ ಅಡಿಕೆ ತೋಟದವರು ಹೊಳೆಗೆ ಹಾಕುವ ಕಟ್ಟದ ಹಿಂದೆ ನಿಂತ ನೀರಿನಲ್ಲಿ. ಸೊಂಟಕ್ಕೆ ಜೋಡಿ ಒಣ ತೆಂಗಿನಕಾಯಿ, ಇಲ್ಲವೇ ಬಾಳೆದಂಡು, ಅದೃಷ್ಟವಿದ್ದರೆ ಲಾರಿಯ ಟ್ಯೂಬು. ಗುರು ಯಾರೆಂದರೆ ದೊಡ್ಡಪ್ಪನ ಮಗ. ಅವನ ಪಾಠಕ್ರಮ, ಹಿಂದಿನಿಂದ ನೂಕಿಬಿಡುವುದು. ಹಾಗೆ ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ. ಅದು ಸಣ್ಣ ಆಸ್ತಿಯಲ್ಲ. ನಲವತ್ತರಲ್ಲಿ ಕೊಳಕ್ಕೆ ಬಂದು ಕಲಿಯುವ ಪೇಟೆಯವರು ಆ ಹೆದರಿಕೆ ಕಳೆಯಲಿಕ್ಕೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ.

ಆದರೆ ಹೊಳೆ ನಮಗೆ ಒಂದು ಅಭ್ಯಾಸವನ್ನೂ ಅಂಟಿಸಿ ಕಳಿಸಿದೆ. ನಾವು ತಲೆ ಎತ್ತಿ ಈಜುತ್ತೇವೆ. ಹೊಳೆಯಲ್ಲಿ ಅದು ಸರಿಯಾದದ್ದೇ: ಎದುರು ಬಂಡೆ ಇದೆಯೇ, ಮರದ ತುಂಡು ತೇಲಿ ಬರುತ್ತಿದೆಯೇ, ಸೆಳೆತ ಎತ್ತ ಎಳೆಯುತ್ತಿದೆ ಎಂದು ನೋಡದೆ ಈಜುವವನು ಬಹಳ ದಿನ ಈಜುವುದಿಲ್ಲ. ಕೊಳದಲ್ಲಿ ಮಾತ್ರ ಅದೇ ಅಭ್ಯಾಸ ಶತ್ರು. ತಲೆ ಮೇಲೆ ಬಂದರೆ ಸೊಂಟ ಕೆಳಗೆ ಹೋಗುತ್ತದೆ, ಸೊಂಟದ ಹಿಂದೆ ಕಾಲೂ. ಮೀನಿನಂತೆ ಮಲಗಿ ಹೋಗಬೇಕಾದ ಮೈ ಓರೆಯಾಗಿ ನಿಂತು ನೀರನ್ನು ತಳ್ಳಿಕೊಂಡು ಹೋಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಹಾಗಾಗಿ ಗದ್ದೆ ಕೆಲಸ ಮಾಡಿ ಗಟ್ಟಿಯಾದ ತೋಳಿನ ಬಲ ಇಲ್ಲಿ ಬೇಗ ಖರ್ಚಾಗಿಹೋಗುತ್ತದೆ. ನಮ್ಮ ಬಲಿಷ್ಠ ಈಜುಗಾರ 50 ಮೀಟರಿನ ಕೊನೆಗೆ ಏದುಸಿರು ಬಿಡುತ್ತಿರುವಾಗ, ಪಕ್ಕದ ಲೇನಿನಲ್ಲಿ ಸಣಕಲು ಮೈಯ ಜಪಾನೀ ಅಜ್ಜಿ ಮುಖ ನೀರಿಗಿಟ್ಟು, ಬಾಯಿ ಪಕ್ಕಕ್ಕೆ ತಿರುಗಿಸಿ ಉಸಿರೆಳೆದುಕೊಳ್ಳುತ್ತ ಆರಾಮವಾಗಿ ಮುಂದೆ ಹೋಗಿರುತ್ತಾರೆ.

ಆದ್ದರಿಂದ ತಯಾರಿಯ ಮೊದಲ ಕೆಲವು ತಿಂಗಳು ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದಕ್ಕೇ ಹೋಗುತ್ತದೆ. ನೀರಿನೊಳಗೆ ಉಸಿರು ಬಿಡುವುದು, ತಲೆ ಇಳಿಸುವುದು, ಒಂದು ಉದ್ದಕ್ಕೆ ಎಷ್ಟು ಕೈ ಹಾಕಿದೆ ಎಂದು ಎಣಿಸುವುದು. 25 ಮೀಟರಿಗೆ ಮೂವತ್ತು ಬಾರಿ ಕೈ ಬೀಸುತ್ತಿದ್ದವರು ಅದೇ ವೇಗದಲ್ಲಿ ಇಪ್ಪತ್ನಾಲ್ಕಕ್ಕೆ ಇಳಿದರೆ ಅದು ಪದಕದಷ್ಟೇ ದೊಡ್ಡ ಸುದ್ದಿ. ಐವತ್ತೈದರ ಯಜಮಾನರಿಗೆ ಇದನ್ನು ಇಪ್ಪತ್ತೈದರ ಕೋಚ್ ಹೇಳಿಕೊಡಬೇಕು. ಇಲ್ಲಿ ಅಡ್ಡ ಬರುವುದು ಸ್ನಾಯುವಿಗಿಂತ ಹೆಚ್ಚಾಗಿ ಅಭಿಮಾನ. ‘ನಾನು ಪಾಣೆಮಂಗಳೂರು ಸೇತುವೆಯಿಂದ ಹಾರಿದವ ಮಾರಾಯ’ ಎಂದು ಶುರುಮಾಡುವವರನ್ನು ಕೋಚ್‌ಗಳು ಎಲ್ಲರಿಗಿಂತ ಕಷ್ಟದ ಶಿಷ್ಯರೆಂದು ಕರೆಯುತ್ತಾರೆ.

ಎರಡನೆಯದು ಗಡಿಯಾರ. ಹೊಳೆಯಲ್ಲಿ ಈ ದಡದಿಂದ ಆ ದಡ ಮುಟ್ಟಿದರೆ ಮುಗಿಯಿತು. ಮಾಸ್ಟರ್ಸ್‌ನಲ್ಲಿ ಎಲ್ಲವೂ ಸೆಕೆಂಡಿನ ನೂರನೇ ಒಂದು ಭಾಗದವರೆಗೆ. ಅಲ್ಲಿ ಫೈನಲಿಗೆ ಆರಿಸುವ ಹೀಟ್ಸ್, ಸೆಮಿಫೈನಲ್ ಇಲ್ಲ. ಪ್ರತಿಯೊಬ್ಬರೂ ಒಂದು ಸ್ಪರ್ಧೆಯನ್ನು ಒಮ್ಮೆ ಮಾತ್ರ ಈಜುತ್ತಾರೆ, ಎಲ್ಲ ಸುತ್ತುಗಳ ಸಮಯ ಜೋಡಿಸಿ ಸ್ಥಾನ ನಿರ್ಧರಿಸುತ್ತಾರೆ. ನಿಮ್ಮ ಸುತ್ತಿನಲ್ಲಿ ನೀವೇ ಮೊದಲು ಗೋಡೆ ಮುಟ್ಟಿ ಒಟ್ಟಾರೆ ನಲವತ್ತನೆಯವರಾಗಬಹುದು. ಅಳತೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಅನುಭವವೂ ಇದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದು ಲೆಕ್ಕಹಾಕಿ ಉಸೇನ್ ಬೋಲ್ಟ್ ಪಕ್ಕ ನಿಲ್ಲಿಸಿದರು. ಕೋಣಗಳು ಎಳೆಯುವ ಓಟಕ್ಕೂ ಸಿಂಥೆಟಿಕ್ ಟ್ರ್ಯಾಕಿಗೂ ಹೋಲಿಕೆ ಇಲ್ಲವೆಂದು ಎಲ್ಲರಿಗಿಂತ ಮೊದಲು ಅರಿತವರು ಗೌಡರೇ. ಬೆಂಗಳೂರಿನಲ್ಲಿ ಟ್ರಯಲ್ಸ್‌ಗೆ ಬಂದ ಕರೆಯನ್ನು ಅವರು ಒಪ್ಪಲಿಲ್ಲ. ಈಜಿನಲ್ಲೂ ಹೀಗೆಯೇ. 25 ಮೀಟರ್ ಕೊಳದಲ್ಲಿ ಬಂದ ಸಮಯ 50 ಮೀಟರ್ ಕೊಳದಲ್ಲಿ ಬರುವುದಿಲ್ಲ. ಸಣ್ಣ ಕೊಳದಲ್ಲಿ ತಿರುವು ಹೆಚ್ಚು, ಪ್ರತಿ ತಿರುವಿನಲ್ಲೂ ಗೋಡೆಯನ್ನು ಒದ್ದು ಮುಂದೆ ಚಿಮ್ಮುವ ಲಾಭ ಹೆಚ್ಚು. 100 ಮೀಟರಿಗೆ ಒಂದೆರಡು ಸೆಕೆಂಡು ವ್ಯತ್ಯಾಸ ಸಾಮಾನ್ಯ. ಇನ್ನು ರೆಸಾರ್ಟಿನ ಹುರುಳಿಬೀಜದ ಆಕಾರದ ಕೊಳದಲ್ಲಿ ಗೆಳೆಯ ಮೊಬೈಲಿನಲ್ಲಿ ಹಿಡಿದ ಸಮಯವನ್ನು ಅರ್ಜಿಯಲ್ಲಿ ಬರೆದರೆ ಅದರ ನೋವು ಕೂಟದ ದಿನವೇ ತಿಳಿಯುತ್ತದೆ.

ಗಡಿಯಾರದೊಂದಿಗೆ ಅಭ್ಯಾಸ ಮಾಡುವುದೆಂದರೆ ಹೇಗೆ? 100 ಮೀಟರ್ ಫ್ರೀಸ್ಟೈಲನ್ನು 1 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಬೇಕೆಂದಿರುವವರು ದಿನಾ 100 ಮೀಟರನ್ನು ಜೀವ ಬಿಟ್ಟು ಈಜಿ ನೋಡುವುದಲ್ಲ. 50 ಮೀಟರನ್ನು 50 ಸೆಕೆಂಡಿನಲ್ಲಿ ಈಜಿ, ಅರ್ಧ ನಿಮಿಷ ನಿಂತು, ಮತ್ತೆ ಹೊರಡುವುದು. ಹೀಗೆ ಎಂಟು ಬಾರಿ. ಎಂಟನೆಯದೂ 50 ಸೆಕೆಂಡಿನಲ್ಲೇ ಬಂದರೆ ಗುರಿ ಕೈಗೆಟುಕುವಂಥದ್ದು. ಐದನೆಯದರಿಂದಲೇ 54, 57 ಆಗತೊಡಗಿದರೆ ಗುರಿ ಬದಲಿಸಬೇಕು, ಇಲ್ಲವೇ ಈಜುವ ಕ್ರಮ ಬದಲಿಸಬೇಕು. ದಿನಕ್ಕೆ 2000 ಮೀಟರ್, ವಾರಕ್ಕೆ ನಾಲ್ಕು ದಿನ ಹೀಗೆ ನಡೆದರೆ ಸಾಧಾರಣ ಮಾಸ್ಟರ್ಸ್ ಈಜುಗಾರನಿಗೆ ಸಾಕಷ್ಟಾಯಿತು.

ಇದಕ್ಕೆ ಕೊಳ ಬೇಕಲ್ಲ! ಮಂಗಳೂರಿಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಎಮ್ಮೆಕೆರೆಯ 50 ಮೀಟರ್ ಕೊಳ ಬಂತು. 2023ರ ನವೆಂಬರ್ 24ರಿಂದ 26ರವರೆಗೆ 19ನೇ ರಾಷ್ಟ್ರೀಯ ಮಾಸ್ಟರ್ಸ್ ಈಜು ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ತಲೆ ನರೆತವರು ಕ್ಯಾಪು ಕನ್ನಡಕ ಹಾಕಿ ಸಾಲಾಗಿ ನಿಂತದ್ದನ್ನು ನೋಡಿ ‘ನಮಗೂ ಆಗಬಹುದಲ್ಲ’ ಎಂದುಕೊಂಡವರು ಈ ಜಿಲ್ಲೆಯಲ್ಲಿ ಖಂಡಿತ ಇದ್ದಾರೆ. ಆದರೆ ಬಂಟ್ವಾಳದಿಂದ ಅಲ್ಲಿಗೆ ಸುಮಾರು 25 ಕಿಲೋಮೀಟರ್, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ ಹತ್ತಿರ ಹತ್ತಿರ 60. ಬೆಳಗಿನ ಆರು ಗಂಟೆಯ ಬ್ಯಾಚಿಗೆ ಬೆಳ್ತಂಗಡಿಯವರು ನಾಲ್ಕೂವರೆಗೆ ಮನೆ ಬಿಡಬೇಕು. ಅದೂ ಹೆದ್ದಾರಿ ಕಾಮಗಾರಿಯವರು ಅಂದು ಹೊಸ ತಿರುವು ಮಾಡಿರದಿದ್ದರೆ. ಹೆಚ್ಚಿನವರಿಗೆ ಸಾಧ್ಯವಾಗುವ ದಾರಿ, ವಾರದ ದಿನಗಳಲ್ಲಿ ಹತ್ತಿರದ ಸಣ್ಣ ಕೊಳದಲ್ಲಿ ತಂತ್ರದ ಅಭ್ಯಾಸ, ಭಾನುವಾರ ಮಾತ್ರ ಮಂಗಳೂರಿನ ಉದ್ದ ಕೊಳ. ಕೂಟಕ್ಕೆ ಮೊದಲಿನ ಎರಡು ತಿಂಗಳು ಈ ಭಾನುವಾರಗಳನ್ನು ತಪ್ಪಿಸಬಾರದು. 50 ಮೀಟರ್ ಕೊಳದಲ್ಲಿ ಮೂವತ್ತೈದನೇ ಮೀಟರಿನ ನಂತರ ಗೋಡೆ ಇನ್ನೂ ಬರಲಿಲ್ಲವಲ್ಲ ಎಂದು ಮೈ ಗಲಿಬಿಲಿಗೊಳ್ಳುತ್ತದೆ. ಆ ಗಲಿಬಿಲಿ ಹೋಗಲಿಕ್ಕೆ ಬೇರೆ ಮದ್ದಿಲ್ಲ.

ಹೊಳೆಯಲ್ಲಿ ಅಭ್ಯಾಸ ಮಾಡಿದರಾಗದೇ ಎಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾತೇ ಬೇಡ. ಉಳಿದ ತಿಂಗಳಲ್ಲೂ ಒಬ್ಬರೇ ಇಳಿಯುವುದು ಬೇಡ. ಇನ್ನೊಂದು, ಧುಮುಕುವ ಅಭ್ಯಾಸವನ್ನು ಹೊಳೆಯಲ್ಲೂ ಸಣ್ಣ ಕೊಳದಲ್ಲೂ ಮಾಡಬಾರದು. ಸ್ಟಾರ್ಟಿಂಗ್ ಬ್ಲಾಕ್ ಇರುವ ಕಡೆ ಕನಿಷ್ಠ 1.35 ಮೀಟರ್ ಆಳ ಇರಬೇಕೆಂದು ಅಂತಾರಾಷ್ಟ್ರೀಯ ನಿಯಮ ಹೇಳುವುದು ಕತ್ತಿನ ಎಲುಬಿನ ಮೇಲಿನ ಕಾಳಜಿಯಿಂದ. ಮಾಸ್ಟರ್ಸ್‌ನಲ್ಲಿ ಬ್ಲಾಕಿನ ಮೇಲೆ ಹತ್ತಲೇಬೇಕೆಂದಿಲ್ಲ. ಕೊಳದ ಅಂಚಿನಿಂದ ಹಾರಬಹುದು, ನೀರೊಳಗೆ ನಿಂತು ಗೋಡೆ ಹಿಡಿದೂ ಹೊರಡಬಹುದು. ಮೊಣಕಾಲು, ಸೊಂಟ ಕೈಕೊಟ್ಟವರಿಗಾಗಿ ಇರುವ ಈ ಸೌಕರ್ಯವನ್ನು ನಮ್ಮವರು ನಾಚಿಕೆಯಿಂದ ಬಳಸುವುದಿಲ್ಲ ಎಂಬುದು ಬೇರೆ ಮಾತು.

ಭುಜದ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮ ತಾಲೂಕುಗಳ ಈಜುಗಾರರನ್ನು ಕೂಟದಿಂದ ಹೊರಗಿಡುವುದು ಹೆಚ್ಚಾಗಿ ಅದೇ. ತೋಳನ್ನು ಮೇಲೆತ್ತಿ ತಿರುಗಿಸುವ ಕೀಲಿನಲ್ಲಿ ನಾಲ್ಕು ಸಣ್ಣ ಸ್ನಾಯುಗಳ ಒಂದು ಪಟ್ಟಿ ಇದೆ. ಅದರ ಸ್ನಾಯುರಜ್ಜು ಮೇಲಿನ ಎಲುಬಿನಡಿ ಸಿಕ್ಕಿ ಉಜ್ಜಿದಾಗ ನೋವು. ಎರಡು ಕಿಲೋಮೀಟರ್ ಈಜಿದರೆ ಪ್ರತಿ ತೋಳು ಸಾವಿರ ಸುತ್ತಿನ ಹತ್ತಿರ ತಿರುಗುತ್ತದೆ. ಇಷ್ಟನ್ನು ಯಾವ ಕೋಚಾದರೂ ಹೇಳುತ್ತಾರೆ. ಅವರು ಕೇಳದ ಪ್ರಶ್ನೆ: ನೀವು ಬೆಳಿಗ್ಗೆ ತೋಟದಲ್ಲಿ ಏನು ಮಾಡುತ್ತಿದ್ದಿರಿ? ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅಡಿಕೆ ಕೊಯ್ಯುವುದನ್ನೂ ಮದ್ದು ಬಿಡುವುದನ್ನೂ ಎಷ್ಟೋ ಕೃಷಿಕರು ನೆಲದ ಮೇಲೆ ನಿಂತು ತಾವೇ ಮಾಡಿಕೊಳ್ಳುತ್ತಾರೆ. ಮರ ಹತ್ತುವ ಅಪಾಯ ತಪ್ಪಿತು, ಒಳ್ಳೆಯದೇ. ಆದರೆ ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈ ತಲೆಯ ಮೇಲೆತ್ತಿ, ಗಂಟೆಗಟ್ಟಲೆ ಉದ್ದದ ದೋಟಿಯನ್ನು ತೂಗಿ ಹಿಡಿಯುವಾಗ ದಣಿಯುವುದು ಈಜಿನಲ್ಲಿ ದುಡಿಯುವ ಅದೇ ಭುಜ. ಬೆಳಿಗ್ಗೆ ಕೊಯ್ಲು ಮಾಡಿ ಸಂಜೆ ಬಟರ್‌ಫ್ಲೈ ಅಭ್ಯಾಸಕ್ಕೆ ಇಳಿದರೆ ಮಾರ್ಚ್ ತಿಂಗಳಲ್ಲಿ ಅಂಗಿಯ ತೋಳಿಗೆ ಕೈ ತೂರಿಸಲಿಕ್ಕೂ ಆಗದು. ದೋಟಿ ಹಿಡಿದ ದಿನ ನೀರಿನಲ್ಲಿ ಕಾಲಿನ ಕೆಲಸ ಮಾತ್ರ ಎಂದು ಡೈರಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ರಬ್ಬರ್ ಪಟ್ಟಿ ಕಟ್ಟಿ ಭುಜವನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ ದಿನಕ್ಕೆ ಹತ್ತು ನಿಮಿಷ, ಈಜದ ದಿನವೂ.

ವಯಸ್ಸಾದ ಮೈ ಅಭ್ಯಾಸವನ್ನು ತಡೆಯುತ್ತದೆ ಎನ್ನುವುದಕ್ಕಿಂತ ಚೇತರಿಕೆಯನ್ನು ನಿಧಾನಿಸುತ್ತದೆ ಎನ್ನಬೇಕು. ಮೂವತ್ತರ ನಂತರ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಹತ್ತು ವರ್ಷಕ್ಕೆ ಸುಮಾರು ಶೇ 10ರಂತೆ ಇಳಿಯುತ್ತದೆ. ನಿಯಮಿತವಾಗಿ ಅಭ್ಯಾಸ ಮಾಡುವವರಲ್ಲಿ ಈ ಇಳಿತ ಕಡಿಮೆ. ಆದರೆ ಕಠಿಣ ಅಭ್ಯಾಸದ ಮರುದಿನ ಇಪ್ಪತ್ತರ ಹುಡುಗ ಮತ್ತೆ ಇಳಿದಂತೆ ಅರವತ್ತರವರು ಇಳಿಯಬಾರದು.

ಹೃದಯದ ಪರೀಕ್ಷೆಯನ್ನು ಯಾರೂ ಸುಮ್ಮನೆ ಸಹಿ ಹಾಕಿಸಿಕೊಳ್ಳುವ ಕಾಗದವೆಂದು ತಿಳಿಯಬಾರದು. ನೀರಿಗಿಳಿದ ಕೂಡಲೇ ಅದರ ಒತ್ತಡಕ್ಕೆ ಕಾಲಿನ ರಕ್ತ ಎದೆಯತ್ತ ಸರಿಯುತ್ತದೆ, ಹೃದಯ ತುಂಬಿಕೊಳ್ಳುವ ಪ್ರಮಾಣ ಏರುತ್ತದೆ. ಅದರ ಮೇಲೆ ಉಸಿರು ಹಿಡಿಯುವುದು, ಸ್ಪರ್ಧೆಯ ಉದ್ವೇಗ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ಗಳಲ್ಲಿ ಅಮೆರಿಕದಲ್ಲಿ ಸಂಭವಿಸಿದ ಹಠಾತ್ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗಿವೆ. ನಲವತ್ತು ದಾಟಿದವರು ಟಿಎಂಟಿ ಮಾಡಿಸಿ, ವೈದ್ಯರಿಗೆ ‘ಸ್ಪರ್ಧೆಗೆ ಈಜುತ್ತೇನೆ’ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಲು ಇನ್ನೊಂದು ಕಾರಣ ಮಾತ್ರೆ. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿವೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಕೂಡ ಇದೆ. ಅಗತ್ಯವಿರುವವರಿಗೆ ವೈದ್ಯಕೀಯ ವಿನಾಯಿತಿ ಪಡೆಯುವ ದಾರಿ ಇದೆ, ಅದಕ್ಕೆ ಕಾಗದಪತ್ರ ಬೇಕು. ಬೀಟಾ ಬ್ಲಾಕರ್ ಮಾತ್ರೆ ಈಜಿಗೆ ನಿಷಿದ್ಧವಲ್ಲ, ಆದರೆ ಅದನ್ನು ತೆಗೆದುಕೊಳ್ಳುವವರ ನಾಡಿ ಎಷ್ಟು ಶ್ರಮಪಟ್ಟರೂ ಹೆಚ್ಚು ಏರುವುದಿಲ್ಲ. ವಾಚು ತೋರಿಸುವ ಹೃದಯಬಡಿತ ನೋಡಿ ಇನ್ನೂ ಜೋರಾಗಿ ಹೋಗಬಹುದು ಎಂದುಕೊಂಡರೆ ತಪ್ಪಾದೀತು. ಯಾವ ಮಾತ್ರೆಯನ್ನೂ ಕೂಟಕ್ಕಾಗಿ ತಾವಾಗಿ ನಿಲ್ಲಿಸಬಾರದು ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿ ಹೋದವರು ಅಲ್ಲಿ ಒಂದು ಕೈಯಿಂದಾಗಿ ಅನರ್ಹರಾಗುತ್ತಾರೆ. ಬ್ರೆಸ್ಟ್‌ಸ್ಟ್ರೋಕಿನಲ್ಲೂ ಬಟರ್‌ಫ್ಲೈಯಲ್ಲೂ ತಿರುಗುವಾಗ, ಮುಗಿಸುವಾಗ ಎರಡೂ ಕೈ ಏಕಕಾಲಕ್ಕೆ ಗೋಡೆ ಮುಟ್ಟಬೇಕು. ಹೊಳೆಯಲ್ಲಿ ಕಲಿತವರಿಗೆ ಬ್ರೆಸ್ಟ್‌ಸ್ಟ್ರೋಕ್ ಸಲೀಸು, ಆದ್ದರಿಂದ ಅದನ್ನೇ ಆಯ್ದುಕೊಳ್ಳುತ್ತಾರೆ. ಆದರೆ ಕಪ್ಪೆಯಂತೆ ಎರಡೂ ಕಾಲು ಒಟ್ಟಿಗೆ ಹೊರಕ್ಕೆ ಒದೆಯಬೇಕಾದಲ್ಲಿ ಒಂದು ಕಾಲು ಕತ್ತರಿಯಂತೆ ಕೆಳಗೆ ಬಡಿಯುವುದು ನಮ್ಮವರಲ್ಲಿ ತುಂಬ ಕಾಣುವ ದೋಷ. ತೀರ್ಪುಗಾರರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಬದಲಿಗೆ ಮಾಸ್ಟರ್ಸ್ ನಿಯಮ ಒಂದು ಕರುಣೆ ತೋರಿದೆ: ಬಟರ್‌ಫ್ಲೈಯಲ್ಲಿ ಡಾಲ್ಫಿನ್ ಒದೆತ ಕಷ್ಟವಾದರೆ ಬ್ರೆಸ್ಟ್‌ಸ್ಟ್ರೋಕಿನ ಒದೆತ ಹಾಕಬಹುದು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಯಲ್ಲಿ ಹೊರಟ ಮೇಲೆ 15 ಮೀಟರಿನೊಳಗೆ ತಲೆ ನೀರಿನ ಮೇಲೆ ಕಾಣಬೇಕು. ಐವತ್ತು ದಾಟಿದವರಿಗೆ ಈ ನಿಯಮ ಮುರಿಯುವ ಶಕ್ತಿ ಇದ್ದರೆ ಅಭಿನಂದನೆ.

ನಮ್ಮ ಕರಾವಳಿಯಲ್ಲಿ ಈಜಿನ ಇನ್ನೊಂದು ದಾರಿಯೂ ಇದೆ. ಉಡುಪಿಯ ಗಂಗಾಧರ ಜಿ. ಕಡೆಕಾರ್ 2021ರಲ್ಲಿ, 65ರ ವಯಸ್ಸಿನಲ್ಲಿ, ಕಾಲಿಗೆ ಸರಪಳಿ ಬಿಗಿದುಕೊಂಡು ಪದ್ಮಾಸನದಲ್ಲಿ ಅರಬ್ಬೀ ಸಮುದ್ರದಲ್ಲಿ ಈಜಿ ದಾಖಲೆ ಪುಸ್ತಕ ಸೇರಿದರು. ಅದು ಎದೆಗಾರಿಕೆಯ, ಅಸಾಧಾರಣ ಕೆಲಸ. ಮಾಸ್ಟರ್ಸ್ ಕೂಟ ಕೇಳುವುದು ಬೇರೆ: ಎಲ್ಲರೂ ಮಾಡುವುದನ್ನೇ, ಎಲ್ಲರಿಗೂ ಒಂದೇ ಆದ ಕೊಳದಲ್ಲಿ, ಒಂದೇ ನಿಯಮದಲ್ಲಿ, ನಿನ್ನೆಗಿಂತ ಅರ್ಧ ಸೆಕೆಂಡು ಬೇಗ ಮಾಡುವುದು. ಪತ್ರಿಕೆಗೆ ಅದು ಸುದ್ದಿಯಾಗುವುದು ಕಷ್ಟ ಎಂದು ನನಗೂ ಗೊತ್ತು.

ಹೊರಡುವ ಮನಸ್ಸಿದ್ದವರಿಗೆ ಮುಂದಿನ ಅವಕಾಶಗಳು 2027ರಲ್ಲಿವೆ. ಮೇ ತಿಂಗಳಲ್ಲಿ ಜಪಾನಿನ ಕನ್ಸಾಯ್ ಪ್ರದೇಶದಲ್ಲಿ ಹಲವು ಕ್ರೀಡೆಗಳ ವಿಶ್ವ ಮಾಸ್ಟರ್ಸ್ ಗೇಮ್ಸ್, ಅದೇ ವರ್ಷ ಬುಡಾಪೆಸ್ಟ್‌ನಲ್ಲಿ ಈಜಿನ ವಿಶ್ವ ಮಾಸ್ಟರ್ಸ್. ಮಾಸ್ಟರ್ಸ್ ಎಂಬ ಹೆಸರಿಟ್ಟುಕೊಂಡ ಸಂಘಟನೆಗಳು ನಮ್ಮ ದೇಶದಲ್ಲಿ ಹಲವಿವೆ. ಹಣ ಕಟ್ಟುವ ಮೊದಲು, ಈಜಿನ ಮಟ್ಟಿಗೆ ಅಂತಾರಾಷ್ಟ್ರೀಯ ಮಾನ್ಯತೆ ಇರುವುದು ಸ್ವಿಮ್ಮಿಂಗ್ ಫೆಡರೇಷನ್ ಆಫ್ ಇಂಡಿಯಾಕ್ಕೆ, ರಾಜ್ಯದಲ್ಲಿ ಅದರ ಸದಸ್ಯ ಕರ್ನಾಟಕ ಸ್ವಿಮ್ಮಿಂಗ್ ಅಸೋಸಿಯೇಷನ್‌ಗೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಕ್ಲಬ್ಬಿನ ನೋಂದಣಿಯೂ ಆ ದಾರಿಯಲ್ಲೇ ಆಗಬೇಕು. ನಮ್ಮ ಕ್ಯಾಲೆಂಡರಿನ ಒಂದು ಅನನುಕೂಲವೆಂದರೆ ಕೊಯ್ಲು, ಸುಲಿತ, ಕಂಬಳ, ಕೋಲ, ಯಕ್ಷಗಾನ, ಮದುವೆ ಎಲ್ಲ ನವೆಂಬರಿನಿಂದ ಮೇವರೆಗೆ ಒಟ್ಟೊಟ್ಟಿಗೆ ಬರುತ್ತವೆ; ಬೇಸಿಗೆಯ ಕೂಟಗಳಿಗೆ ತಯಾರಾಗಬೇಕಾದ ತಿಂಗಳುಗಳೂ ಅವೇ. ಆದ್ದರಿಂದ ತಂತ್ರದ ಕೆಲಸವನ್ನು ಅದಕ್ಕೆ ಮೊದಲಿನ ಮಳೆಗಾಲದಲ್ಲೇ, ತೋಟದಲ್ಲಿ ಕೆಲಸ ಕಡಿಮೆ ಇರುವಾಗ, ಮಾಡಿನಡಿಯ ಕೊಳವೊಂದರಲ್ಲಿ ಮುಗಿಸಿಕೊಳ್ಳಬೇಕು. ಕೂಟದ ಮುಂಚಿನ ಹತ್ತು ದಿನ ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ ಮೈಗೆ ವಿಶ್ರಾಂತಿ ಕೊಡಬೇಕು. ಆ ಹತ್ತು ದಿನಗಳಲ್ಲಿ ಸನ್ಮಾನ ಸಮಾರಂಭಗಳಿಗೆ ಕರೆದರೆ ವಾಪಸು ಬಂದ ಮೇಲೆ ನೋಡೋಣ ಎನ್ನಿ. ರಾತ್ರಿ ಹನ್ನೊಂದರವರೆಗೆ ವೇದಿಕೆಯಲ್ಲಿ ಕೂತು ಭಾಷಣ ಕೇಳುವುದು ಯಾವ ಕೋಚಿನ ವೇಳಾಪಟ್ಟಿಯಲ್ಲೂ ಇಲ್ಲ.